ಅರ್ಧ ಸೆಕೆಂಡಿನ ಹೆದರಿಕೆ

ಕುರುಗೋಡಿನ ನಮ್ಮ ಮನೆಯಲ್ಲಿ ಕ್ರಿಕೆಟ್ ಪಂದ್ಯವನ್ನು ನೋಡುವ ಮೊದಲೇ ಕೇಳಿಬಿಡುತ್ತೇವೆ. ಪಕ್ಕದ ಮನೆಯ ಟಿವಿ ನಮ್ಮದಕ್ಕಿಂತ ನಾಲ್ಕಾರು ಸೆಕೆಂಡು ಮುಂದೆ. ಅಲ್ಲಿ 'ಹೋ' ಎಂದು ಕೂಗೆದ್ದ ಮೇಲೆಯೇ ಇಲ್ಲಿ ಬೌಲರ್ ಓಡಲು ಶುರುಮಾಡುತ್ತಾನೆ. ಅಪ್ಪ ಇದನ್ನೇ ಬಂಡವಾಳ ಮಾಡಿಕೊಂಡು, ನಡುಗೋಡೆಗೆ ಕಿವಿ ತಾಗುವಂತೆ ಕುರ್ಚಿ ಹಾಕಿ, "ಈಗ ಔಟ್ ಆಗ್ತಾನ ನೋಡಲೇ" ಎಂದು ನುಡಿದು, ಬಂದ ನೆಂಟರ ಕಣ್ಣಲ್ಲಿ ತ್ರಿಕಾಲಜ್ಞಾನಿಯಾಗುತ್ತಾರೆ. ಕಣ್ಣಿಗೂ ಕಿವಿಗೂ ನಡುವೆ ಬಿದ್ದ ಇಷ್ಟು ಸಣ್ಣ ಸಂದಿಯಲ್ಲಿ ಒಬ್ಬ ಜ್ಞಾನಿ ಹುಟ್ಟಬಹುದಾದರೆ ಒಬ್ಬ ಪುಕ್ಕಲನೂ ಹುಟ್ಟಬಹುದು ಎಂಬುದು ಮಾತ್ರ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ.

ಆ ಕೆಲಸ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಅಗಲ ವರಾಂಡದ ಹಳೆಯ ಬಂಗಲೆಯೊಂದರಲ್ಲಿ, ಕೃತಕ ಕಾಲು ಮಾಡಿಕೊಡುವ ಒಂದು ಸಣ್ಣ ಕೇಂದ್ರದಲ್ಲಿ. ಹೊಸ ಕಾಲು ತೊಟ್ಟವರ ಅಂಗಾಲಿನಡಿ ತೆಳ್ಳನೆಯ ಸೆನ್ಸರ್ ಪಟ್ಟಿಯೊಂದನ್ನು ಕಟ್ಟಿ, ವರಾಂಡದುದ್ದಕ್ಕೂ ನಡೆಸಿ, ಪಕ್ಕದಿಂದ ವಿಡಿಯೊ ತೆಗೆಯುವುದು ನನ್ನ ಪಾಲಿನದು. ಪಟ್ಟಿ ಭಾರವನ್ನು ಬರೆದುಕೊಳ್ಳುತ್ತದೆ, ಕ್ಯಾಮೆರಾ ಹೆಜ್ಜೆಯನ್ನು. ಆದರೆ ಎರಡರ ಗಡಿಯಾರಗಳೂ ಬೇರೆಬೇರೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರಂತೆ. ಅವುಗಳ ನಡುವೆ ರಾಜಿ ಮಾಡಿಸಲು ಒಂದು ಉಪಾಯವಿದೆ. ನಡೆಯುವ ಮೊದಲು ಆ ವ್ಯಕ್ತಿ ನೆಲಕ್ಕೆ ಮೂರು ಸಲ ಕಾಲು ಕುಟ್ಟಬೇಕು. ವಿಡಿಯೊದಲ್ಲಿ 'ಧಪ್' ಎಂದು ಕೇಳುವ ಕ್ಷಣವನ್ನು ಸೆನ್ಸರ್‌ನ ಗೆರೆ ಗೋಪುರದಂತೆ ಮೇಲೇಳುವ ಕ್ಷಣದ ಮೇಲೆ ಕೂರಿಸಿದರೆ ಆಯಿತು. ಮುಂದಿನ ನಡಿಗೆಯಲ್ಲಿ ಕಂಡದ್ದೂ ಬರೆದದ್ದೂ ಕೈಕೈ ಹಿಡಿದು ಸಾಗುತ್ತವೆ.

ಈ ಕೆಲಸಕ್ಕೆ ನಾನೇ ತಕ್ಕವನೆಂದು ನನಗೆ ಜಂಬವಿತ್ತು. ಏಕೆಂದರೆ ನಾನು ನಕಲುಗಾರ. ಸಿರುಗುಪ್ಪದ ಬಸ್ಸಿನ ಕಂಡಕ್ಟರು ಸೀಟಿ ಊದುವ ಮೊದಲು ಕೆನ್ನೆ ಉಬ್ಬಿಸುವುದು, ನಮ್ಮ ಕೇಂದ್ರದ ಮುಖ್ಯಸ್ಥೆ ಶಶಿಕಲಾ ಮೇಡಂ ಬೈಯುವ ಮೊದಲು ಕನ್ನಡಕ ತೆಗೆದು ಒರೆಸುವುದು, ಯಾವುದೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಬಲ್ಲವರು ಬಲ್ಲರು, ಅನುಕರಣೆಯ ಜೀವ ಇರುವುದು ದನಿಯಲ್ಲಲ್ಲ, ಎಡೆಯಲ್ಲಿ. ಮೇಡಂ ಕನ್ನಡಕ ಒರೆಸುವುದಕ್ಕೂ "ಏನಪಾ" ಎನ್ನುವುದಕ್ಕೂ ನಡುವಿನ ಆ ಮೌನವನ್ನು ಅಳತೆ ತಪ್ಪದೆ ಹಿಡಿದರೆ ಸಾಕು, ದನಿ ಹೇಗಿದ್ದರೂ ಜನ ನಗುತ್ತಾರೆ.

ಹಚ್ಚೊಳ್ಳಿಯ ಯಲ್ಲಪ್ಪಣ್ಣ ಬಂದದ್ದು ಇಂಥ ಜಂಬದ ದಿನಗಳಲ್ಲೇ. ಟ್ರ್ಯಾಕ್ಟರ್ ಡ್ರೈವರು, ರಸ್ತೆ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ನಾವು ಕೊಟ್ಟ ಕಾಲು ನಾಲ್ಕು ಹೆಜ್ಜೆಗೊಮ್ಮೆ ಎಡವುತ್ತದೆಂದು ಅವರ ದೂರು.

"ಕಾಲುವಿಗೆ ನೀರು ಬಿಟ್ಟಾರ್ರಿ. ಸೋಮವಾರ ಗದ್ದಿಗೆ ಟ್ರ್ಯಾಕ್ಟರ್ ಇಳಸ್ಬೇಕು. ನಾ ಹೋಗಲಿಲ್ಲ ಅಂದ್ರ ಸಾವ್ಕಾರು ಬ್ಯಾರೆ ಡ್ರೈವರನ್ನ ಕುಂದ್ರಸ್ತಾರ. ಒಮ್ಮಿ ಕುಂತಾವ ಏಳ್ತಾನೇನ್ರಿ?"

ಅವರಿಗೆ ಬೇಕಾದದ್ದು ಇಷ್ಟೇ, ಸೋಮವಾರದೊಳಗೆ ಕಾಲು ಸರಿಯಾಗಬೇಕು. ನಾನು ಪಟ್ಟಿ ಕಟ್ಟಿದೆ, ಮೂರು ಸಲ ಕಾಲು ಕುಟ್ಟಲು ಹೇಳಿದೆ, ಕ್ಯಾಮೆರಾ ಒತ್ತಿ ವರಾಂಡದ ಆ ತುದಿಗೆ ಓಡಿದೆ. ಹಿಂದಿನಿಂದ ಧಪ್, ಧಪ್, ಧಪ್ ಎಂದು ಕೇಳಿತು. ಮಧ್ಯಾಹ್ನ ಸದ್ದಿನ ಮೇಲೆ ಗೋಪುರ ಕೂರಿಸಿ ನೋಡಿದರೆ, ಪ್ರತಿ ಹೆಜ್ಜೆಯಲ್ಲೂ ಕಾಲು ನೆಲ ಮುಟ್ಟಿ ಅರ್ಧ ಸೆಕೆಂಡಾದ ಮೇಲೆ ಭಾರ ಬೀಳುತ್ತಿತ್ತು. ನೆಲ ಸಿಕ್ಕರೂ ನಂಬದ ಕಾಲು. ಮೇಡಂ ವರದಿಯಲ್ಲಿ ಬರೆದರು: 'ಕಾಲಿನಲ್ಲಿ ದೋಷವಿಲ್ಲ. ಭಯ. ಇನ್ನೊಂದು ತಿಂಗಳು ಅಭ್ಯಾಸ ಬೇಕು.'

ಯಲ್ಲಪ್ಪಣ್ಣ ಕೇಳಿಸಿಕೊಂಡರು. "ಹೆದ್ರಿಕಿನಾ? ನನಗಾ?" ಎಂದು ಒಮ್ಮೆ ನಕ್ಕು ಬೆಂಚಿನ ಮೇಲೆ ಕುಳಿತವರು ಮತ್ತೆ ಮಾತಾಡಲಿಲ್ಲ. ಆ ಮೌನದ ಅಳತೆ ತೆಗೆಯುವ ಬುದ್ಧಿ ನನಗೆ ಬರಲಿಲ್ಲ. ಬದಲಿಗೆ, ಅವರನ್ನು ನಗಿಸೋಣವೆಂದು, ಎಲ್ಲರನ್ನೂ ಕೆಣಕುವ ನನ್ನ ಹಳೆಯ ಚಟದಿಂದ ಎದ್ದು ನಿಂತು ಅವರ ನಡಿಗೆಯನ್ನೇ ನಡೆದು ತೋರಿಸಿದೆ: ಹೆಜ್ಜೆ ಇಡುವುದು, ಅರ್ಧ ಸೆಕೆಂಡು ಅನುಮಾನಿಸುವುದು, ಆಮೇಲೆ ಮೆಲ್ಲಗೆ ಭಾರ ಬಿಡುವುದು. ಗೆರೆಯಲ್ಲಿದ್ದ ಅಳತೆಗೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ತಮ್ಮಾ, ಚಲೋ ಮಾಡಿದಿ," ಎಂದರು ಯಲ್ಲಪ್ಪಣ್ಣ. "ಯಾರದು ಇದು?"

"ನಿಮ್ದೇ ಅಣ್ಣಾ."

"ನಂದಲ್ಲಪಾ. ನಮ್ಮವ್ವ ನೋಡಿದ್ರೂ ನಂದಂತ ಅನ್ನಾಂಗಿಲ್ಲ. ನಾ ಕಾಲು ಎತ್ತಿ ಇಡೂದ್ರಾಗ ಎಡವ್ತೀನಿ. ನೀ ಇಟ್ಟ ಮ್ಯಾಲೆ ನಿಂತಿ."

ಇದುವರೆಗೆ ನನ್ನ ನಕಲಿಗೆ ಬೈಗುಳ ಬಂದದ್ದುಂಟು, ಚಪ್ಪಲಿ ಬಂದದ್ದೂ ಉಂಟು. ಗುರುತೇ ಸಿಗದೆ ಹೋದದ್ದು ಅದೇ ಮೊದಲು. ಮೂಲ ಪುರುಷನೇ ತನ್ನನ್ನು ಕಾಣದ ನಕಲು ಯಾರ ನಕಲು? ನಾನು ಮನುಷ್ಯನನ್ನು ನೋಡಿಯೇ ಇರಲಿಲ್ಲ, ಗೆರೆಯನ್ನು ನೋಡಿ ಅಭಿನಯಿಸಿದ್ದೆ. ಜಂಬಕ್ಕೆ ಪೆಟ್ಟು ಬಿದ್ದದ್ದರಿಂದಲೇ ಹೊರತು ನ್ಯಾಯಬುದ್ಧಿಯಿಂದಲ್ಲ, ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಆಗ ಬರೀ ಕೇಳಿ ಮುಗಿಸಿದ್ದ ವಿಡಿಯೊವನ್ನು ಈಗ ಸದ್ದು ಅಡಗಿಸಿ ನೋಡಿದೆ. ಅದರಲ್ಲಿ ಯಲ್ಲಪ್ಪಣ್ಣ ಮೊದಲು ಬಗ್ಗಿ ಎಡಗಾಲಿನ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಆ ಕಾಲನ್ನು ಅಲುಗಿಸದೆ ನಿಂತು, ಬಲಗಾಲನ್ನು ಎತ್ತಿ ಎತ್ತಿ ಮೂರು ಸಲ ಕುಟ್ಟಿದರು.

"ಅಣ್ಣಾ, ಪಟ್ಟಿ ಕಟ್ಟಿದ್ದು ಎಡಗಾಲಿಗೆ. ಬಲಗಾಲು ಯಾಕ ಕುಟ್ಟಿದ್ರಿ?"

"ಮತ್ತೇನ್ ಮಾಡ್ಲಿ? ದುಡಿಯಾ ಮಷಿನ್ನು ಅದು. ಕಾಲಿಗೆ ಕಟ್ಟಿದ್ದಽ ತಪ್ಪು, ಅದರ ಮ್ಯಾಲೆ ಅದನ್ನ ನೆಲಕ್ಕ ಒದೀಲಾ? ಆಯುಧಪೂಜಿ ಮಾಡೋ ಮಂದಿ ನಾವು. ಯಾವ ಕಾಲಂತ ನೀನೂ ಹೇಳ್ಲಿಲ್ಲ."

ಹೇಳಿರಲಿಲ್ಲ, ನಿಜ. ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಬಲಗಾಲು ಗಾಳಿಯಲ್ಲಿದ್ದಾಗ ಮೈಭಾರವೆಲ್ಲ ಎಡಗಾಲಿನ ಮೇಲೆ. ಪಟ್ಟಿ ಗೋಪುರ ಬರೆದದ್ದು ಆಗ. ಸದ್ದು ಬಂದದ್ದು ಅರ್ಧ ಸೆಕೆಂಡಾದ ಮೇಲೆ, ಬಲಗಾಲು ನೆಲಕ್ಕಿಳಿದಾಗ. ಮೊದಲಿನದನ್ನು ಎಳೆದು ಆಮೇಲಿನದರ ಮೇಲೆ ಕೂರಿಸಿದವನು ನಾನು. ಅದರಿಂದ ಇಡೀ ನಡಿಗೆಯ ಭಾರವೇ ಅರ್ಧ ಸೆಕೆಂಡು ತಡವಾಗಿ ಕಂಡಿತ್ತು. ಅಂದರೆ ಆ ಭಯ ಹಚ್ಚೊಳ್ಳಿಯಿಂದ ಬಂದದ್ದಲ್ಲ, ನನ್ನ ಮೇಜಿನ ಮೇಲೆಯೇ ಹುಟ್ಟಿ ಮೇಡಂ ಸಹಿಯೊಂದಿಗೆ ಒಬ್ಬ ಮನುಷ್ಯನ ಹೆಸರಿಗೆ ದಾಖಲಾದದ್ದು. ನೋಡಿ ಗೆಳೆಯರೆ, ನಾವು ಇನ್ನೊಬ್ಬರನ್ನು ಅಂಜುಬುರುಕ, ಸಿಡುಕ, ಮಂಕ ಎಂದು ತೀರ್ಮಾನಿಸುವಾಗಲೂ ಅವರ ಮಾತನ್ನು ಎಂಥ ತಪ್ಪು ಗಳಿಗೆಯ ಮೇಲೆ ಕೂರಿಸಿರುತ್ತೇವೋ! ಪಾಪ, ಅವರ ಬಳಿ ತೋರಿಸಲು ವಿಡಿಯೊ ಇರುವುದಿಲ್ಲ.

ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ನಾನು ಎಡೆಯನ್ನು ಎಣಿಸುತ್ತ ನಿಂತೆ.

"ಏನಪಾ, ಬರೇ ಕಿವೀಲೆ ಕೆಲಸ ಮಾಡ್ತೀಯೇನು?" ಎಂದವರೇ, ಯಲ್ಲಪ್ಪಣ್ಣನ ಕಡೆ ತಿರುಗಿ, "ಇನ್ನೊಂದ್ಸಲ ನಡೀರಿ ಯಲ್ಲಪ್ಪ. ಎಡಗಾಲೇ ಕುಟ್ರಿ. ಪಾಪ ಬಂದ್ರ ನಮಗಿರ್ಲಿ," ಎಂದರು.

ಈ ಸಲ ಕಣ್ಣಿಟ್ಟು ನೋಡಿ ಕೂರಿಸಿದೆ. ಕಾಲು ನೆಲ ಮುಟ್ಟಿದ ಗಳಿಗೆಗೇ ಭಾರ ಬೀಳುತ್ತಿತ್ತು. ಅನುಮಾನದ ಸುಳಿವೂ ಇಲ್ಲ. ಕಂಡದ್ದು ಬೇರೆಯದು. ಕಾಲು ಮುಂದಕ್ಕೆ ಬೀಸುವಾಗ ನಡುದಾರಿಯಲ್ಲೇ ತುದಿಬೆರಳು ನೆಲ ಸವರಿ ಗೆರೆಯಲ್ಲಿ ಸಣ್ಣದೊಂದು ಮುಳ್ಳು ಮೂಡುತ್ತಿತ್ತು. ಮೇಡಂ ಬೆರಳಿಟ್ಟು ತೋರಿಸಿದರು: "ಕಾಲು ಉದ್ದ ಆಗೇತಿ."

"ಅದನ್ನಽ ಹೇಳಿದ್ನಲ್ರಿ ನಾನು," ಎಂದರು ಯಲ್ಲಪ್ಪಣ್ಣ.

'ಭಯ' ಎಂಬ ಮಾತನ್ನು ಮೇಡಂ ಹೊಡೆದುಹಾಕಿದರು. ಕಾಲನ್ನು ಕಳಚಿ ಒಳಗೊಯ್ದು, ನಡುವಿನ ಕೊಳವೆಯನ್ನು ಅರ್ಧ ಬೆರಳಷ್ಟು ಕೊಯ್ಯಿಸಿ ತಂದರು. ಯಲ್ಲಪ್ಪಣ್ಣ ತೊಟ್ಟರು, ಎದ್ದರು, ಒಮ್ಮೆ ಕ್ಲಚ್ ಒತ್ತುವಂತೆ ನೆಲವನ್ನು ಒತ್ತಿ ನೋಡಿದರು. "ಬರಾಬರ್ ಐತಿ. ಸೋಮವಾರ ನಾನಽ ಕುಂದ್ರತೀನಿ," ಎಂದು ಸಿರುಗುಪ್ಪದ ಬಸ್ಸಿಗೆ ಹೊರಟರು. ಗೇಟಿನವರೆಗೂ ನಾನು ಅವರ ನಡಿಗೆಯನ್ನೇ ನೋಡುತ್ತ ನಿಂತೆ. ಹಿಡಿದುಕೊಳ್ಳಲು ಒಂದು ಕುಂಟು, ಒಂದು ತಡೆ, ಒಂದು ಎಡೆ ಸಿಕ್ಕೀತೇ ಎಂದು ಹುಡುಕಿದೆ. ನಕಲುಗಾರನಿಗೆ ಬೇಕಾದದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.