ವೈನಿಯ ತಲೆಗೆ ಅಂಟಿದ ಹೆಸರು

ಮಿರಜದ ಆಸ್ಪತ್ರೆಯೊಂದರ ಹಿಂದಿನ ಓಣಿಯಲ್ಲಿ ನಮ್ಮ ಕುಂದಾ ವೈನಿಯ ಖಾನಾವಳಿ ಇದೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ರೋಗಿಗಳ ಜೊತೆ ಬಂದವರು ಅಲ್ಲೇ ಉಣ್ಣುತ್ತಾರೆ; ಅರ್ಧ ಜನ ಮರಾಠಿಯವರು, ಅರ್ಧ ಜನ ಅಥಣಿ, ಜಮಖಂಡಿ ಕಡೆಯವರು. ಅಣ್ಣ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈ ಒಡ್ಡದೆ ಆಕೆ ಮನೆ ನಡೆಸಿದ್ದು ಆ ಒಲೆಯಿಂದಲೇ.

ಕಳೆದ ಚಳಿಗಾಲದಲ್ಲಿ ಮೋರಿಯ ಹತ್ತಿರ ಜಾರಿ ಬಿದ್ದಳು. ಮೆದುಳಿಗೆ ಸಣ್ಣ ಪೆಟ್ಟು, ಕೆಲವು ವಾರ ವಿಶ್ರಾಂತಿ ಸಾಕು ಅಂದರು ಡಾಕ್ಟರು. ಇಲಿ ಅಂದರೆ ಹುಲಿ ಅನ್ನುವ ಓಣಿ ಅದು. ಮನೆ ಮುಟ್ಟುವಷ್ಟರಲ್ಲಿ 'ಸಣ್ಣ' ಹೋಗಿ 'ಮೆದುಳು' ಮಾತ್ರ ಉಳಿಯಿತು. ಮಗ ಸಾರಂಗ ಗ್ಯಾಸಿನ ಹತ್ತಿರ ಬಿಡಲಿಲ್ಲ. ನೆರೆಯವರು ಕೂಸಿನೊಡನೆ ಮಾತಾಡುವಂತೆ ನಿಧಾನವಾಗಿ ಮಾತಾಡಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಲೆನೋವು ಹೋಯಿತು. ಇನ್ನು ಕೆಲಸ ಮಾಡಬಹುದು ಅಂತ ಡಾಕ್ಟರೇ ಹೇಳಿದರು. ವೈನಿ ಮತ್ತೆ ಒಲೆಯ ಮುಂದೆ ನಿಂತಳು, ಅಂಜಿಕೆ ಮಾತ್ರ ಅವಳನ್ನು ಬಿಡಲಿಲ್ಲ. ಕನ್ನಡಕ ಮರೆತರೆ ಮೆದುಳು, ಹಾಲು ಉಕ್ಕಿದರೆ ಮೆದುಳು. ಒಂದು ದಿನ ಸಾತಾರದ ಮುದುಕರೊಬ್ಬರಿಗೆ "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಅಂತ ಕನ್ನಡದಲ್ಲಿ ಕೇಳಿದಳು. ಅವರು ಕಣ್ಣು ಕಣ್ಣು ಬಿಟ್ಟರು. ಅವತ್ತೇ ಸೌಟು ಕೆಳಗಿಟ್ಟವಳು, ಖಾನಾವಳಿಯನ್ನು ಮಾಧವನಗರದ ಕಿಶೋರನಿಗೆ ಬಾಡಿಗೆಗೆ ಕೊಡುವ ಮಾತಾಡಿಬಿಟ್ಟಳು.

ಅವನು ಕೀಲಿ ಒಯ್ಯಲು ಬರುವ ದಿನ ನಾನೂ ಸಾಂಗಲಿಯಿಂದ ಹೋದೆ. ವೈನಿ ಕೀಲಿಗೊಂಚಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕನ್ನಡ ಎಲ್ಲಿ, ಮರಾಠಿ ಎಲ್ಲಿ, ತಿಳಿವಲ್ತು. ನನ್ನ ತಲಿ ಕೆಟ್ಟೈತಿ," ಅಂದಳು.

"ನಿಮ್ಮ ಮದವ್ಯಾಗ ಒಡಪು ಹೇಳಿದ್ದು ನೆನಪೈತೇನ್ರಿ ವೈನಿ? ಅಣ್ಣನ ಹೆಸರು ಪದಾ ಕಟ್ಟಿ ಹೇಳಾಕ ಕನ್ನಡದಾಗ ಸುರು ಮಾಡಿ ಮರಾಠಿಯೊಳಗ ಮುಗಿಸಿದ್ರಿ. ಮಂದಿಯೆಲ್ಲಾ ನಕ್ಕಿತ್ತು. ಅವತ್ತ ಯಾವ ಮೋರ್ಯಾಗ ಬಿದ್ದಿದ್ರಿ?"

ವೈನಿ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ನಗುತ್ತ ನಗುತ್ತ ಅತ್ತಳು.

"ನಿಮ್ಮಣ್ಣ ಒಬ್ಬರು ನಕ್ಕಿರಲಿಲ್ಲ. ಎರಡೂ ಕಡಿ ಮಂದಿಗೆ ತಿಳೀತು ಬಿಡು ಅಂದಿದ್ರು."

ಕಿಶೋರ ಬಂದ. ವೈನಿ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಜಾಗ ಬಾಡಿಗೆಗಿಲ್ಲ ಅಂತ ಮರಾಠಿಯಲ್ಲಿ ಹೇಳಿದಳು. ಅವನ ಮುಖ ಬಾಡಿತು.

"ಉಂಡು ಹೋಗ್ರಿ, ರೊಟ್ಟಿ ಬಿಸಿ ಅದಾವ," ಅಂದಳು ಕನ್ನಡದಲ್ಲಿ.

ಅವನಿಗೆ ಕನ್ನಡ ಬಾರದು. ವೈನಿ ತಿದ್ದಿಕೊಳ್ಳಲಿಲ್ಲ, ತಟ್ಟೆ ಇಟ್ಟಳು. ಅವನು ಕೂತು ಉಂಡ.