ಹಿತ್ತಿಲ ಬಾಗಿಲಿಗೆ ಬಿದ್ದ ಬೀಗ

ಬೆಳಿಗ್ಗೆ ಪೂಜೆ ಮುಗಿಸಿ ಮುಂಬಾಗಿಲ ಬೀಗಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಮಳೆಗಾಲ ಬಂತೆಂದರೆ ಅದು ಹಟ ಹಿಡಿಯುತ್ತದೆ. ಕೀಲಿ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಬೆರಳಿಗೆ ಮೆತ್ತಿದ ಎಣ್ಣೆಯನ್ನು ಸುಮ್ಮನೆ ಹಾಳುಮಾಡುವುದೇಕೆ ಎಂದು ತಲೆಗೆ ಸವರಿಕೊಳ್ಳಲು ಕೈ ಎತ್ತಿದೆ. ಕಬ್ಬಿಣದ ತುಕ್ಕೂ ಕೊಬ್ಬರಿಯೂ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈ ಅಲ್ಲೇ ನಿಂತಿತು. ಕಡೂರಿನ ನಮ್ಮ ಹಳೆಯ ಮನೆಗೆ ಮೊಟ್ಟಮೊದಲ ಬೀಗ ಬಂದ ದಿನದ ವಾಸನೆ ಅದು. ಎಂಬತ್ತರ ದಶಕದ ಶುರುವಿನ ಮಾತು.

ಅಲ್ಲಿಯವರೆಗೆ ಮನೆಗೆ ಬೀಗವೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಮುಂಬಾಗಿಲಿಗೆ ಇದ್ದದ್ದು ಒಳಗಡೆಯ ಅಗುಳಿ ಒಂದೇ. ತೋಳಿನಷ್ಟು ದಪ್ಪದ ಮರ. ಗೋಡೆಯ ತೂತಿನಿಂದ ಎಳೆದು ಬಾಗಿಲಿಗೆ ಅಡ್ಡ ಕೊಟ್ಟರೆ ಎಮ್ಮೆದೊಡ್ಡಿ ಕಾವಲಿನ ಹೋರಿ ಬಂದು ಗುಮ್ಮಿದರೂ ಅಲುಗುತ್ತಿರಲಿಲ್ಲ. ಹಿತ್ತಿಲ ಬಾಗಿಲಿಗೂ ಅಂಥದ್ದೇ ಒಂದು, ಸ್ವಲ್ಪ ಸಣ್ಣದು. ಹೊರಗಡೆ ಕೊಂಡಿ ಇಲ್ಲ, ಚಿಲಕ ಇಲ್ಲ. ಅಗುಳಿ ಹಾಕುವುದಕ್ಕೆ ಒಳಗೊಬ್ಬರು ಇರಲೇಬೇಕಲ್ಲ? ಇರುತ್ತಿದ್ದರು. ಮನೆ ಕಟ್ಟಿಸಿದ ಪುಣ್ಯಾತ್ಮರಿಗೆ ಎಲ್ಲರೂ ಒಟ್ಟಿಗೆ ಹೊರಗೆ ಹೋಗುವ ದಿನವೊಂದು ಬರಬಹುದೆಂದು ಹೊಳೆದಿರಲೇ ಇಲ್ಲ. ಮನೆಯ ಹೆಂಗಸು ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿರಬೇಕು.

ನಮ್ಮತ್ತೆ ಆ ನಂಬಿಕೆಯನ್ನು ಸುಳ್ಳು ಮಾಡಲಿಲ್ಲ. "ನಾನು ಈ ಹೊಸ್ಲು ದಾಟೋದು ನಾಲ್ಕು ಜನ ಹೊತ್ಕೊಂಡಾಗ್ಲೇ ಕಣವ್ವಾ" ಎನ್ನುತ್ತಿದ್ದರು. ಮಾತಿನಂತೆಯೇ ನಡೆದುಕೊಂಡರು. ಅವರು ಶಿವನ ಪಾದ ಸೇರಿದ ಮೇಲೆ ಬೆಳ್ಳಿಯ ವಿಭೂತಿ ಗಟ್ಟಿಪೆಟ್ಟಿಗೆಯ ಜೊತೆಗೆ ಅಗುಳಿಯ ಕೆಲಸವೂ ನನ್ನ ಪಾಲಿಗೆ ಬಂತು.

ಹಾಗಾಗಿ ತರೀಕೆರೆಯಲ್ಲಿ ನಾದಿನಿಯ ಮಗುವಿಗೆ ನಾಮಕರಣವಾದಾಗ ಇವರು ಹೋದರು, ನಾನು ಮನೆಯಲ್ಲಿದ್ದೆ. ಸಖರಾಯಪಟ್ಟಣದಲ್ಲಿ ಗೃಹಪ್ರವೇಶವಾದಾಗ ಇವರೂ ಮಕ್ಕಳೂ ಹೋದರು, ನಾನು ಮನೆಯಲ್ಲಿದ್ದೆ. ಯಗಟಿಯ ಮದುವೆಗೆ ಇಡೀ ಬೀದಿಯೇ ಬಸ್ಸು ಹತ್ತಿತು. ನಾನು, ಎರಡು ಬೆಕ್ಕು ಮತ್ತು ದೇವರಮನೆಯ ಪರಮೇಶ್ವರ ಉಳಿದುಕೊಂಡೆವು. ಹೋದವರು ಬರುವಾಗ ಡಬ್ಬಿಯಲ್ಲಿ ಲಾಡೋ ಚಿರೋಟಿಯೋ ತಂದುಕೊಡುತ್ತಿದ್ದರು. ಹತ್ತು ವರ್ಷ ನಾನು ನೆಂಟರ ಶುಭಕಾರ್ಯಗಳನ್ನೆಲ್ಲ ಡಬ್ಬಿಯಲ್ಲೇ ನೋಡಿದ್ದೇನೆ. ಬೇಸರವೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೂಜೆ ಮಾಡುವ ಬಾಯಲ್ಲಿ ಸುಳ್ಳೇಕೆ? ಆದರೆ ಮನೆಯಲ್ಲಿ ಒಬ್ಬಳೇ ಇದ್ದಾಗ ಬಿಸಿ ಮುದ್ದೆಯನ್ನು ಬಿಸಿಯಾಗಿಯೇ ಉಣ್ಣಬಹುದಿತ್ತು. ಭಗವಂತ ಎಲ್ಲೋ ಒಂದು ಕಡೆ ಸರಿದೂಗಿಸುತ್ತಾನೆ.

ನಮ್ಮ ಯಜಮಾನರದು ಪೇಟೆಯಲ್ಲಿ ಕೊಬ್ಬರಿ ಅಂಗಡಿ. ಅಂಗಡಿಗೆ ಮಾತ್ರ ಬೀಗವಿತ್ತು. ಸಂಜೆ ಹಲಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಪಟ್ಟಿ ಎಳೆದು, ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗುವರು. ನಾಲ್ಕು ಹೆಜ್ಜೆ ಬಂದು ಮತ್ತೆ ಹಿಂತಿರುಗಿ ಜಗ್ಗುವರು. ಈ ಬೀಗ ಎಂದಾದರೂ ಕಿತ್ತು ಬಂದರೆ ಅದು ಕಳ್ಳನಿಂದಲ್ಲ, ಇವರಿಂದಲೇ ಎಂದು ಪೇಟೆಯವರು ನಗುತ್ತಿದ್ದರು. ಮನೆಯಲ್ಲಿ ಕದಿಯುವಂಥದ್ದೇನೂ ಇರಲಿಲ್ಲ. ನಾಲ್ಕು ಹಿತ್ತಾಳೆ ಕೊಳಗ, ಒಂದು ಟ್ರಾನ್ಸಿಸ್ಟರ್, ಮೂಲೆಯಲ್ಲಿ ಒಂದಿಷ್ಟು ಕೊಬ್ಬರಿ. ಆದರೂ ಇವರ ಕಣ್ಣಿಗೆ ಜಿಲ್ಲೆಯ ಕಳ್ಳರೆಲ್ಲ ನಮ್ಮ ಮನೆಯ ಮೇಲೇ ನಿಗಾ ಇಟ್ಟಿದ್ದರು.

ಹೀಗಿರುವಾಗ ಅಜ್ಜಂಪುರದ ನನ್ನ ತವರಿನಿಂದ ತಂಗಿ ಪಾರ್ವತಿಯ ಮದುವೆ ಗೊತ್ತಾದ ಕಾಗದ ಬಂತು. ಅಮ್ಮ ಹೋಗಿ ಆಗಲೇ ಐದು ವರ್ಷ. ಅಪ್ಪನ ಅಕ್ಷರದ ಕೆಳಗೆ, ಅಂಚಿನಲ್ಲಿ, ಪಾರ್ವತಿ ತಾನೇ ಬರೆದಿದ್ದಳು: "ಅಕ್ಕಾ, ಅಮ್ಮನ ಜಾಗದಲ್ಲಿ ನಿಲ್ಲೋಕೆ ನೀನು ಬರಲಿಲ್ಲ ಅಂದ್ರೆ ನಾನು ಹಸೆ ಮೇಲೆ ಕೂರೋದಿಲ್ಲ."

ಕಾಗದ ಓದಿ ಇವರು ಕನ್ನಡಕ ತೆಗೆದರು. "ನಾನು ಹೋಗಿ ಬತ್ತೀನಿ ಬಿಡು. ನಿನ್ನ ಪರವಾಗಿ ನಾನೇ ಅಕ್ಕಿಕಾಳು ಹಾಕ್ತೀನಿ."

"ಅಮ್ಮನ ಜಾಗದಲ್ಲಿ ನೀವು ನಿಂತ್ಕೋತೀರಾ?" ಎಂದೆ.

"ಹಂಗಲ್ಲ ಕಣೇ. ಮನೆ?"

"ಮನೆಗೆ ನೀವಿರಿ. ನಾನೂ ಮಕ್ಕಳೂ ಹೋಗ್ತೀವಿ."

"ಚೆನ್ನಾಗೈತೆ! ದೊಡ್ಡಳಿಯ ನಾನಿಲ್ದೆ ಮದ್ವೆ ಆಗ್ತದಾ?"

"ಹಂಗಾದ್ರೆ ಒಂದು ಬೀಗ ಹಾಕ್ಸಿ."

ಇವರು ಬೆಚ್ಚಿಬಿದ್ದರು. "ಬೀಗ ಅಂದ್ರೆ ಏನು ಅಂದ್ಕೊಂಡಿದೀಯ? ಒಳಗೆ ಯಾರೂ ಇಲ್ಲ, ಬನ್ರಪ್ಪಾ ಅಂತ ಬಾಗ್ಲಿಗೆ ಬೋರ್ಡು ಹಾಕ್ದಂಗೆ!"

 ಎರಡು ದಿನ ಅಡುಗೆ ಮಾಡಿದೆ, ಬಡಿಸಿದೆ, ಮಾತು ಮಾತ್ರ ಆಡಲಿಲ್ಲ. ಮೂರನೆಯ ದಿನ ಇವರು ಅಂಗಡಿಯಿಂದ ಬರುವಾಗ ಕಾಗದದಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮುಂದಿಟ್ಟರು. ಹೊಸ ಬೀಗ. ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿಯೇ ತಂದಿದ್ದರು. ಮುಖದಲ್ಲಿ ದೊಡ್ಡ ರಾಜತಂತ್ರ ಮಾಡಿದವರ ಕಳೆ.

ಉಪಾಯ ಹೀಗಿತ್ತು. ಮುಂಬಾಗಿಲಿಗೆ ಎಂದಿನಂತೆ ಒಳಗಿನಿಂದ ಅಗುಳಿ. ನಾವು ಹೊರಡುವುದು ಹಿತ್ತಿಲ ಬಾಗಿಲಿಂದ. ಆ ಬಾಗಿಲಿಗೆ ಹೊರಗಿನಿಂದ ಕೊಂಡಿ ಹೊಡೆಸಿ ಬೀಗ. ಹಿತ್ತಿಲ ಸುತ್ತ ಗೋಡೆಯಿದ್ದುದರಿಂದ ಬೀದಿಯವರ ಕಣ್ಣಿಗೆ ಬೀಗ ಬೀಳುವುದೇ ಇಲ್ಲ. ನನ್ನ ಹಳೆಯ ಚಪ್ಪಲಿ ಜಗಲಿಯ ಮೇಲೆ. ತಂತಿಯ ಮೇಲೆ ನನ್ನದೊಂದು ಸೀರೆ. ಒಳಗೆ ಟ್ರಾನ್ಸಿಸ್ಟರು ಹೊಸ ಶೆಲ್ಲು ಹಾಕಿಕೊಂಡು ಮಾತಾಡುತ್ತಿರುತ್ತದೆ. "ನಾನೊಬ್ನೇ ಮಕ್ಕಳನ್ನ ಕರ್ಕೊಂಡು ಹೋಗ್ತಿದೀನಿ, ಇವಳು ಮನೇಲಿರ್ತಾಳೆ ಅಂತ ಬೀದಿಗೆಲ್ಲ ಹೇಳಿದೀನಿ" ಎಂದರು.

"ಗೌರಕ್ಕಂಗೂ ಅದನ್ನೇ ಹೇಳಿದ್ರಾ?"

"ಅವಳಿಗೆ ಮೊದ್ಲು ಹೇಳ್ದೆ."

ಗೌರಕ್ಕ ಪಕ್ಕದ ಮನೆಯಾಕೆ. ನನ್ನ ಮನೆಯ ಹೆಪ್ಪಿನ ಮೊಸರು ಅವಳದು, ಅವಳ ಮನೆಯ ಹುಳಿಪುಡಿ ನನ್ನದು. ಅವಳಿಗೆ ಹೇಳದೆ ನಾನು ಒಂದು ಸೀನೂ ಸೀನಿದವಳಲ್ಲ. ಹೇಳುತ್ತೇನೆ ಎಂದರೆ ಇವರು ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡರು. ತಂಗಿಯ ಮುಖ ನೆನೆಸಿಕೊಂಡು ಆಣೆ ಮಾಡಿದೆ. ಅದೊಂದು ಪಾಪ ನನ್ನ ತಲೆಯ ಮೇಲಿದೆ, ಇರಲಿ.

ಶನಿವಾರ ನಸುಕಿನಲ್ಲಿ ಟ್ರಂಕು ಹೊತ್ತು, ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟು, ಹಿತ್ತಿಲ ದಿಡ್ಡಿಯಿಂದ ನುಸುಳಿ ಸ್ಟೇಷನ್ನಿಗೆ ನಡೆದೆವು. ನಮ್ಮ ಮನೆಯಿಂದ ಆವರೆಗೆ ಹಾಗೆ ಹೋದ ಕಳ್ಳರು ನಾವೇ ಮೊದಲು. ಪ್ಯಾಸೆಂಜರು ಬೀರೂರು ದಾಟುವವರೆಗೂ ನಾನು ಸೆರಗು ಮುಖದಿಂದ ತೆಗೆಯಲಿಲ್ಲ. "ಶಿವನೇ, ಮೂರು ದಿನ ದೀಪವಿಲ್ಲದೆ ಕೂರಿಸ್ತಿದ್ದೀನಿ, ಮುನಿಸಿಕೊಳ್ಳಬೇಡ" ಎಂದು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡೆ. ಇವರು ಅಜ್ಜಂಪುರದವರೆಗೂ ಸೊಂಟದಲ್ಲಿದ್ದ ಕೀಲಿಯನ್ನು ಮುಟ್ಟಿಕೊಂಡರು.

ತವರಿನಲ್ಲಿ ಎರಡು ದಿನ ನಾನು ನೆಲದ ಮೇಲಿರಲಿಲ್ಲ. ಹಪ್ಪಳ ಕರಿದೆ, ಅರಿಶಿನ ಕುಟ್ಟಿದೆ, ಬೀಗರ ಕಡೆಯ ಹೆಂಗಸರೊಂದಿಗೆ ಹಾಡಿಗೆ ಹಾಡು ಕೊಟ್ಟೆ. ಅರಿಶಿನ ಹಚ್ಚುವಾಗ ಪಾರ್ವತಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಮುಹೂರ್ತದ ಹೊತ್ತಿಗೆ ಭಾವ ಮನೆ ನೆನಪಾಯ್ತು ಅಂತ ಕರ್ಕೊಂಡು ಹೋಗಲ್ಲ ತಾನೇ?" ಎಂದಳು. "ಹೋಗೋದಿಲ್ಲ ಕಣೇ" ಎಂದು ಕೆನ್ನೆಗೆ ಇನ್ನಷ್ಟು ಅರಿಶಿನ ಬಳಿದೆ.

ಅದೇ ಹೊತ್ತಿಗೆ ಕಡೂರಿನಲ್ಲಿ ನಡೆಯುತ್ತಿದ್ದದ್ದು ನಮಗೆ ಆಮೇಲೆ ತಿಳಿಯಿತು. ಶನಿವಾರ ಗೌರಕ್ಕ ಬಾಗಿಲು ಬಡಿದಿದ್ದಾಳೆ. ಒಳಗೆ ರೇಡಿಯೋ ಹಾಡುತ್ತಿದೆ, ನಾನು ಓ ಎನ್ನುತ್ತಿಲ್ಲ. ಸ್ವಂತ ತಂಗಿಯ ಮದುವೆಗೆ ಕರೆದುಕೊಂಡು ಹೋಗಲಿಲ್ಲವೆಂದು ಮುನಿಸಿಕೊಂಡು ಕೂತಿದ್ದಾಳೆ, ಅತ್ತು ಹಗುರಾಗಲಿ ಎಂದು ಸುಮ್ಮನಾಗಿದ್ದಾಳೆ. ಭಾನುವಾರ ರಂಗೋಲಿ ಇಲ್ಲ, ಸೀರೆ ತಂತಿಯ ಮೇಲೇ ಇದೆ. ಮುನಿಸು ಜಾಸ್ತಿಯೇ ಆಯಿತು ಎಂದುಕೊಂಡಿದ್ದಾಳೆ. ಅಷ್ಟರಲ್ಲಿ ಟ್ರಾನ್ಸಿಸ್ಟರಿನ ಶೆಲ್ಲು ಇಳಿಯುತ್ತ ಬಂದು, ವಾರ್ತೆ ಓದುವವನ ದನಿ ಕುಗ್ಗಿ, ಗೊರಗೊರ ಎನ್ನತೊಡಗಿದೆ.

ಸೋಮವಾರ ಬೆಳ್ಳಂಬೆಳಿಗ್ಗೆ ಮಠದ ಅಯ್ಯನವರು ಭಿಕ್ಷೆಗೆ ಬಂದರು. ವಾರಕ್ಕೊಮ್ಮೆ ಬರುವವರು. ಅತ್ತೆ ಇದ್ದಾಗಿನಿಂದ ಹಿಡಿದು ಅವರು ನಮ್ಮ ಬಾಗಿಲಲ್ಲಿ ಎರಡನೇ ಸಲ ಗಂಟೆ ಬಾರಿಸಿದ್ದೇ ಇಲ್ಲ. ಮೊದಲ ಗಂಟೆಗೇ ನಾನು ಅಕ್ಕಿಯ ಮೊರ ಹಿಡಿದು ಹೊಸ್ತಿಲಲ್ಲಿ ಇರುತ್ತಿದ್ದೆ. ಅಂದು ಎರಡು ಸಲ ಬಾರಿಸಿದರು. ಮೂರು ಸಲ ಬಾರಿಸಿದರು. ಬಾಗಿಲಿಗೆ ಕಿವಿ ಇಟ್ಟರು. ಒಳಗಿನಿಂದ ಗೊರಗೊರ.

ಅಯ್ಯನವರು ಬೀದಿಯ ನಡುವೆ ನಿಂತು ಕೂಗಿದರಂತೆ: "ಲೇ, ಬನ್ರೋ! ಈ ತಾಯಿ ಎದ್ದು ಓಡಾಡೋ ಸ್ಥಿತೀಲಿದ್ರೆ ಜಂಗಮನ್ನ ಬಾಗ್ಲಲ್ಲಿ ಕಾಯಿಸೋಳಲ್ಲ. ಒಳಗೆ ಉಸಿರು ಎಳೀತಾವಳೆ!"

ಬೀದಿಗೆ ಬೀದಿಯೇ ಬಂತು. ಹಿತ್ತಿಲ ಕಡೆ ಹೋಗಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಗೌರಕ್ಕ ತನ್ನ ಮನೆಯ ಒನಕೆ ತಂದಳು. ಅವಳ ಗಂಡ ಸಿದ್ದಪ್ಪಣ್ಣ, ಇನ್ನಿಬ್ಬರು ಸೇರಿ ಒಂದು, ಎರಡು, ಮೂರು ಎಂದು ಗುದ್ದಿದರು. ತಾತನ ಕಾಲದ ಅಗುಳಿ ಎರಡು ತುಂಡಾಯಿತು, ಒಂದು ಕದ ತಿರುಗಣೆಯಿಂದಲೇ ಕಳಚಿ ಬಿತ್ತು. ಒಳಗೆ ನುಗ್ಗಿದರೆ ನಾನಿಲ್ಲ. ಟ್ರಾನ್ಸಿಸ್ಟರು ಕೊನೆಯುಸಿರು ಎಳೆಯುತ್ತಿದೆ. ಬಾವಿಯಲ್ಲಿ ಇಣುಕಿದರು, ಅಟ್ಟ ಹತ್ತಿದರು. ಕೊನೆಗೆ ಗೌರಕ್ಕ ಸೀರೆಯ ಪೆಟ್ಟಿಗೆ ತೆಗೆದು ನೋಡಿ ತೀರ್ಪು ಕೊಟ್ಟಳಂತೆ: "ಹಸ್ರು ರೇಷ್ಮೆ ಸೀರೆ ಇಲ್ಲ. ಇವಳಿಗೇನೂ ಆಗಿಲ್ಲ ಕಣ್ರೋ, ಮದ್ವೆಗೆ ಹೋಗವ್ಳೆ!"

ಅಜ್ಜಂಪುರದ ಚಪ್ಪರದಲ್ಲಿ ಪುರೋಹಿತರು ಮಂತ್ರ ಹೇಳುತ್ತಿದ್ದರು. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ. ಎಲ್ಲರ ಕೈಯಲ್ಲೂ ಅಕ್ಕಿಕಾಳು ಕೊಟ್ಟಾಗಿತ್ತು. ಮೊದಲ ಸಾಲಿನಲ್ಲಿ ಪೇಟ ಸುತ್ತಿ ಕೂತಿದ್ದ ನಮ್ಮ ಯಜಮಾನರ ಬಳಿಗೆ ಕಡೂರಿನಿಂದ ಬಸ್ಸು ಹಿಡಿದು, ಬೆವರು ಸುರಿಸುತ್ತ ಸಿದ್ದಪ್ಪಣ್ಣ ಬಂದ.

"ಅಣ್ಣಾ, ನಿಮ್ಮನೆ ಬಾಗ್ಲು ಒಡೆದೋಯ್ತು."

"ಕಳ್ರಾ?"

"ಅಲ್ಲ, ನಾವೇ."

ಇವರು ಸ್ಪ್ರಿಂಗಿನಂತೆ ಎದ್ದರು. ಮುಷ್ಟಿಯಲ್ಲಿದ್ದ ಅಕ್ಕಿಕಾಳು ಮೇಲಕ್ಕೆ ಹಾರಿತು. ದೊಡ್ಡಳಿಯನೇ ಎದ್ದು ಹಾಕಿದ ಮೇಲೆ ಮುಹೂರ್ತ ಬಂತೆಂದು ಹಿಂದಿದ್ದವರೆಲ್ಲ ಎಸೆದರು. ವಾಲಗದವರು ಗಟ್ಟಿಮೇಳ ಶುರುಮಾಡಿಬಿಟ್ಟರು. ಪುರೋಹಿತರು ಎರಡೂ ಕೈ ಎತ್ತಿ, "ಇನ್ನೂ ಇಲ್ಲ! ಇನ್ನೂ ಇಲ್ಲ ಕಣ್ರಪ್ಪಾ!" ಎಂದು ಕೂಗುತ್ತಿದ್ದರೆ, ಗಂಡು ತಾಳಿ ಹಿಡಿದುಕೊಂಡು ಕಟ್ಟಲೋ ಬೇಡವೋ ಎಂದು ಮಾವನ ಮುಖ ನೋಡುತ್ತಿದ್ದ.

ಇವರು ಹಸೆಯ ಹತ್ತಿರ ಬಂದು ನನ್ನ ತೋಳು ಹಿಡಿದರು. "ಏಳು. ಹನ್ನೊಂದೂವರೆ ಬಸ್ಸು ಸಿಕ್ತದೆ. ಮನೆ ಬಾಗ್ಲು ಬಯಲಾಗೈತೆ."

ಪಾರ್ವತಿ ತಲೆ ಎತ್ತಿ ನನ್ನನ್ನು ನೋಡಿದಳು.  ಬಾಸಿಂಗದ ಕೆಳಗೆ ಕಣ್ಣು ತುಂಬಿತ್ತು.

ಗಂಡನ ಮಾತಿಗೆ ಎದುರಾಡಿದವಳಲ್ಲ ನಾನು. ಆದರೆ ಅಂದು ನನ್ನ ಬಾಯಲ್ಲಿ ಯಾರು ಮಾತಾಡಿದರೋ, ಅಮ್ಮನೇ ಇರಬೇಕು. "ಒಡೆದಿರೋ ಬಾಗ್ಲು ಒಡೆದೇ ಇರ್ತದೆ ರೀ, ಎಲ್ಲಿಗೂ ಹೋಗಲ್ಲ. ಈ ಮುಹೂರ್ತ ಹೋಗ್ತದೆ. ನೀವು ಬೇಕಾದ್ರೆ ಹೋಗಿ, ನಾನು ಬರೋದಿಲ್ಲ."

ಇವರು ನನ್ನನ್ನು ನೋಡಿದರು, ಸಿದ್ದಪ್ಪಣ್ಣನನ್ನು ನೋಡಿದರು. ಸಿದ್ದಪ್ಪಣ್ಣ, "ಗೌರಿ ಹೊಸ್ಲಲ್ಲೇ ಕೂತವ್ಳೆ ಬಿಡಣ್ಣ, ಅವಳನ್ನ ದಾಟಿ ಹೋಗೋ ಗಂಡಸು ಇನ್ನೂ ಹುಟ್ಟಿಲ್ಲ. ಊಟಕ್ಕೆ ಎಷ್ಟೊತ್ತು?" ಎಂದ. ಇವರು ಕುಸಿದು ಕುಳಿತರು. ಯಾರೋ ಅವರ ಕೈಗೆ ಮತ್ತೊಂದು ಹಿಡಿ ಅಕ್ಕಿಕಾಳು ಕೊಟ್ಟರು. ಪುರೋಹಿತರು ಅವರನ್ನೇ ನೋಡುತ್ತ, ಬೆರಳೆತ್ತಿ ಎಚ್ಚರಿಸುತ್ತ, ಉಳಿದ ಮಂತ್ರ ಮುಗಿಸಿದರು. ನಾನು ಅಮ್ಮನ ಜಾಗದಲ್ಲಿ ನಿಂತು ತಂಗಿಯ ತಲೆಯ ಮೇಲೆ ಅಕ್ಕಿಕಾಳು ಹಾಕಿದೆ.

ಮಂಗಳವಾರ ಊರಿಗೆ ಬಂದರೆ ನಮ್ಮ ಜಗಲಿ ತುಂಬ ಜನ. ಗೌರಕ್ಕ ಬಾಗಿಲಿಲ್ಲದ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ರಂಗೋಲಿ ಹಾಕಿತ್ತು. ದೇವರ ಮುಂದೆ ದೀಪ ಉರಿಯುತ್ತಿತ್ತು. ಆ ಮನೆಗೆ ಅಷ್ಟು ಬಂದೋಬಸ್ತು ಹಿಂದೆಂದೂ ಇರಲಿಲ್ಲ. ಒಂದು ಚಮಚವೂ ಕಾಣೆಯಾಗಿರಲಿಲ್ಲ. ಡಬ್ಬಿಯ ಚಕ್ಕುಲಿ ಮಾತ್ರ ಖಾಲಿ, ಅದು ನನ್ನ ಪ್ರಾಣ ಉಳಿಸಲು ಬಂದವರ ಪಾಲು.

ನಾನು ಹತ್ತಿರ ಹೋಗಿ ನಿಂತೆ. ಅವಳು ತಲೆ ಎತ್ತಲಿಲ್ಲ.

"ನನ್ಗೊಂದು ಮಾತು ಹೇಳಿದ್ರೆ ನಿನ್ ಮನೆ ಹೊತ್ಕೊಂಡು ಹೋಗ್ತಿದ್ನೇನೇ?"

"ಆಣೆ ಮಾಡಿಸ್ಕೊಂಡ್ರು ಗೌರಕ್ಕ."

"ಬಾವೀಲಿ ಮೊದ್ಲು ಇಣುಕಿ ನೋಡ್ದೋಳು ನಾನು, ಗೊತ್ತಾ ನಿನ್ಗೆ?" ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಹುಡುಗ ಹೆಂಗವ್ನೆ?" ಎಂದಳು. ನಾನು ಪಕ್ಕದಲ್ಲಿ ಕೂತು ಅವರೆಕಾಯಿಗೆ ಕೈ ಹಾಕಿದೆ. ಮುಂದಿನ ಸೋಮವಾರ ಬಂದ ಅಯ್ಯನವರಿಗೆ ಎರಡು ಮೊರ ಅಕ್ಕಿ ನೀಡಿ ಪಾದ ಹಿಡಿದುಕೊಂಡೆ. "ನೀನು ಎದ್ದು ಬಂದೆಯಲ್ಲ, ಸಾಕು ಬಿಡು ತಾಯಿ" ಎಂದು ನಕ್ಕರು.

ಅಗುಳಿ ಮುರಿದದ್ದು ನನ್ನ ಮೇಲೆ ಶಿವ ತೋರಿದ ಕರುಣೆ ಎಂದೇ ನಾನು ಎಣಿಸುತ್ತೇನೆ. ಹೊಸ ಬಾಗಿಲು ಮಾಡಿಸಬೇಕಾಯಿತು. ಮಾಡಿಸುವಾಗ ಆಚಾರಿ ಹೊರಗಡೆಯೇ ಕೊಂಡಿ ಇಟ್ಟ, ಇವರು ಬೇಡ ಎನ್ನಲಿಲ್ಲ. ಮುಂದೆ ತರೀಕೆರೆಗೂ ಹೋದೆ, ಯಗಟಿಗೂ ಹೋದೆ, ಚಿರೋಟಿಯನ್ನು ಎಲೆಯ ಮೇಲೆ ಹಾಲು ಸುರಿಸಿಕೊಂಡು ತಿಂದೆ. ಹೋಗುವ ಹಿಂದಿನ ದಿನ ಇವರೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, "ನಾವು ಮನೇಲಿರಲ್ಲ ಕಣ್ರಪ್ಪಾ, ದಯವಿಟ್ಟು ಯಾರೂ ನಮ್ಮನ್ನ ಕಾಪಾಡಬೇಡಿ" ಎಂದು ಹೇಳಿ ಬರುತ್ತಿದ್ದರು.

ಈಗ ಇವರೂ ಇಲ್ಲ, ಗೌರಕ್ಕನೂ ಇಲ್ಲ. ಮಹಡಿಯ ಮನೆಗೆ ಹೊಸದಾಗಿ ಬಂದಿರುವ ಹುಡುಗಿ ಬಾಗಿಲಿಗೆ ಕ್ಯಾಮೆರಾ ಹಾಕಿಸಿ ಎಂದು ತಿಂಗಳಿಂದ ಹೇಳುತ್ತಿದ್ದಾಳೆ. ಒಳ್ಳೆಯ ಹುಡುಗಿ. ಇಷ್ಟೆಲ್ಲ ನೆನೆಸಿಕೊಳ್ಳುತ್ತ ನಿಂತಿದ್ದವಳು ಎಚ್ಚೆತ್ತು ಬೀಗ ಹಾಕಿದೆ. ಅದು ಸದ್ದಿಲ್ಲದೆ ಕೂತಿತು. ಮೆಟ್ಟಿಲು ಹತ್ತಿ ಹೋಗಿ ಕೀಲಿಯನ್ನು ಆ ಹುಡುಗಿಯ ಕೈಗೇ ಕೊಟ್ಟೆ. ತಂಗಿ ಪಾರ್ವತಿಗೆ ಮಂಡಿ ಆಪರೇಷನ್ ಆಗಿದೆ, ತವರಿಗೆ ಬಂದಿದ್ದಾಳೆ, ಅಜ್ಜಂಪುರಕ್ಕೆ ಹೋಗುತ್ತಿದ್ದೇನೆ ಎಂದೆ.

"ಯಾವಾಗ ಬರ್ತೀರಾ ಆಂಟಿ?" ಎಂದಳು.

ಐವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ನಾನು ಹೊಸ್ತಿಲು ದಾಟಿದ್ದೇ ಇಲ್ಲ. ಚೀಲವನ್ನು ಭುಜಕ್ಕೆ ಏರಿಸಿಕೊಂಡು, "ಗೊತ್ತಿಲ್ಲ ಕಣಮ್ಮ" ಎಂದೆ.