ಗುಂಡಿಮಗ್ಗದಿಂದ ಎದ್ದು ಬಂದ ಅತ್ತೆ

ಅತ್ತೆ ಅಂದು ಉಟ್ಟಿದ್ದು ಈರುಳ್ಳಿ ಬಣ್ಣದ ಸೀರೆ ಎಂದು ನನ್ನ ನೆನಪು. ಅಮ್ಮ ಹಸಿರು ಎನ್ನುತ್ತಾಳೆ. ನಾನಾಗ ಏಳನೆಯ ತರಗತಿಯಲ್ಲಿದ್ದೆನೋ ಎಂಟರಲ್ಲೋ, ಅದೂ ಖಚಿತವಿಲ್ಲ. ಆ ಮಧ್ಯಾಹ್ನದ ಕಥೆ ನಮ್ಮ ಮನೆಯಲ್ಲಿ ಎಷ್ಟು ಬಾಯಿಗಳನ್ನು ದಾಟಿದೆಯೆಂದರೆ, ನಾನು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಕೇಳಿ ಸೇರಿಸಿಕೊಂಡದ್ದು ಯಾವುದು ಎಂದು ಈಗ ಬಿಡಿಸಿ ಹೇಳಲಾರೆ. ಕೆಲವು ವಿವರ ತಪ್ಪಿರಬಹುದು. ಅತ್ತೆ ಎದ್ದು ನಿಂತಳೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ತಮಿಳು ಸೀಮೆಯ ಅನ್ನೂರಿನ ಹತ್ತಿರ ನಮ್ಮದು ನೇಯುವವರ ಬೀದಿ. ಮನೆಯ ಗಂಡಸರೆಲ್ಲರಿಗಿಂತ ಅವಳೇ ಎತ್ತರ. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರಳು. ಟೌನ್ ಬಸ್ಸಿನಲ್ಲಿ ಕುಳ್ಳಗಿನವರು ಕಂಬಿಗೆ ಕೈಚಾಚಿ ಒದ್ದಾಡುತ್ತಿದ್ದರೆ ಅವಳು ತಲೆಯನ್ನು ಎಲ್ಲಿಡುವುದೆಂದು ಒದ್ದಾಡುತ್ತಿದ್ದಳು. ಬೀದಿಯ ಹುಡುಗರು, "ಅಕ್ಕಾ, ಮೇಲೆ ಮಳೆ ಶುರುವಾಯ್ತಾ?" ಎಂದು ಕೇಳಿದರೆ, "ಆಯ್ತು ಕಣ್ಣು, ನಿನ್ ಹತ್ರ ಬರೋಕೆ ಇನ್ನೂ ಹೊತ್ತಿದೆ" ಎನ್ನುವಳು.

ಬೀದಿಯಲ್ಲಿ ನಡೆಯುತ್ತಿದ್ದ ತಮಾಷೆ ಮದುವೆಯ ಮಾತಿನಲ್ಲಿ ನಡೆಯಲಿಲ್ಲ. ಬಂದ ಸಂಬಂಧಗಳೆಲ್ಲ ಅವಳ ಎತ್ತರ ಕಂಡು ಹಿಂದೆ ಸರಿದವು. ಆಮೇಲೆ ಮನೆಯವರು ಅವಳು ಕುಳಿತಿರುವ ಫೋಟೋ ಮಾತ್ರ ಕಳಿಸತೊಡಗಿದರು. ಕುರ್ಚಿಯಲ್ಲಿ, ಜಗಲಿಯಲ್ಲಿ, ದೇವರ ಮುಂದೆ, ಎಲ್ಲ ಕಡೆಯೂ ಕುಳಿತ ಅತ್ತೆ. ಹಾಗೊಂದು ಫೋಟೋ ನೋಡಿ ತುಡಿಯಲೂರಿನ ಮನೆಯವರು ಬರುತ್ತೇವೆಂದರು. ಹುಡುಗ ಪಂಪ್ ತಯಾರಿಸುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಕೆಲಸ ಮಾಡುವವನು. ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು.

ಅಜ್ಜಿಗೆ ಒಂದು ಉಪಾಯ ಹೊಳೆಯಿತು. ನಮ್ಮದು ಗುಂಡಿಮಗ್ಗ. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅದರ ಅಂಚಿನಲ್ಲಿ ಕೂರಬೇಕು. ಹುಡುಗಿ ಮಗ್ಗದಲ್ಲೇ ಇರಲಿ, ಬಂದವರು ಅಲ್ಲೇ ನೋಡಲಿ, ಕಾಫಿಯನ್ನು ನನ್ನ ಅಮ್ಮ ಕೊಡಲಿ ಎಂದು ಅಜ್ಜಿ ತೀರ್ಮಾನಿಸಿದಳು. ಅತ್ತೆ ಹೋಗಿ ಮಗ್ಗದಲ್ಲಿ ಕುಳಿತಳು.

ಒಳಗೆ ಅಡುಗೆಯೂ ಸಿದ್ಧವಾಗಿತ್ತು. ಆದರೆ ನಮ್ಮ ಕಡೆ ಸಂಬಂಧ ಒಪ್ಪಿಗೆಯಾಗದೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಕೈ ನೆನೆಸುವುದಿಲ್ಲ, ಅಂದರೆ ಊಟ ಮಾಡುವುದಿಲ್ಲ. ಕಾಫಿಗೆ ಅಡ್ಡಿಯಿಲ್ಲ. ಊಟಕ್ಕೆ ಕೂತರೆ ಮಾತು ಮುಗಿದಂತೆ.

ಹುಡುಗ, ಅವನ ತಾಯಿ, ಅವನ ಸೋದರಮಾವ ಬಂದು ಚಾಪೆಯ ಮೇಲೆ ಕುಳಿತರು. ಅಮ್ಮ ಕಾಫಿಯ ತಟ್ಟೆ ಹಿಡಿದು ಬಂದಾಗ ಹುಡುಗನ ತಾಯಿ ಹುಬ್ಬೇರಿಸಿದರು.

"ಕಾಫಿ ಹುಡುಗಿ ತರೋದಲ್ವಾ?"

"ನೇಯ್ತಾ ಅವ್ಳಲ್ಲಾ ಅಮ್ಮಣಿ," ಎಂದಳು ಅಜ್ಜಿ. "ನಡುವಲ್ಲಿ ಎದ್ರೆ ಎಳೆ ಹರಿದೋಗುತ್ತೆ."

"ನಮ್ ಅತ್ತೆನೂ ಸಾಯೋ ತನಕ ಮಗ್ಗದಲ್ಲೇ ಇದ್ದವ್ರು. ಕಾಫಿ ಕೊಡೋಕೆ ಎದ್ರೆ ಯಾವ ಎಳೆನೂ ಹರಿಯಲ್ಲ."

ನೇಯುವವರ ಮನೆಯವರಿಗೇ ಮಗ್ಗದ ನೆಪ ಹೇಳಿದ್ದಳು ಅಜ್ಜಿ. ಮಗ್ಗದ ಸದ್ದು ನಿಂತಿತು. ಅತ್ತೆ ಎರಡೂ ಕೈ ನೆಲಕ್ಕೂರಿ, ಗುಂಡಿಯಿಂದ ಕಾಲು ಮೇಲೆತ್ತಿ, ಅವಸರವಿಲ್ಲದೆ ಎದ್ದಳು. ಬೆನ್ನು ನೆಟ್ಟಗಾಯಿತು, ಆಮೇಲೆ ಕತ್ತು.

"ಏಳೋದು ಮುಗೀತಾ ತಾಯಿ, ಇನ್ನೂ ಇದೆಯಾ?" ಎಂದರು ಸೋದರಮಾವ.

"ಮುಗೀತುಂಗ. ಇಷ್ಟೇ ನಾನು," ಎಂದಳು ಅತ್ತೆ, ನಮ್ಮ ಕಡೆ ಹಿರಿಯರೊಡನೆ ಮಾತಾಡುವಾಗ ಸೇರಿಸುವ 'ಂಗ' ಬಿಡದೆ.

ಅವಳ ದನಿಯಲ್ಲಿ ಸಿಟ್ಟಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ ಎಂದೇ ನನ್ನ ನೆನಪು. ಮೆಚ್ಚಿದವರನ್ನು ನೆನೆಯುವಾಗ ನಾವೇ ಅವರ ದನಿಯನ್ನು ತಿದ್ದಿಬಿಡುತ್ತೇವೇನೋ. ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು ಅವಳೇ ಎಲ್ಲರಿಗೂ ಕಾಫಿ ಕೊಟ್ಟಳು.

ಹುಡುಗನ ತಾಯಿ ಲೋಟ ಕೆಳಗಿಟ್ಟು, "ಸರಿ, ಹೊರಡ್ತೀವಿ. ಫೋನಲ್ಲಿ ಹೇಳ್ತೀವಿ" ಎಂದರು. ಆ ಮಾತಿನ ಅರ್ಥ ನಮ್ಮ ಮನೆಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಎದ್ದರು. ಹುಡುಗನ ತಲೆ ಅತ್ತೆಯ ಭುಜ ದಾಟುತ್ತಿರಲಿಲ್ಲ. ಅವನು ನನ್ನ ಅಮ್ಮನ ಕಡೆ ತಿರುಗಿದ.

"ಅಕ್ಕಾ, ಕೈ ತೊಳೆಯೋಕೆ ನೀರು ಎಲ್ಲಿದೆ?"

"ಲೇ, ಏನೋ ಇದು?" ಎಂದರು ಅವನ ತಾಯಿ.

"ಹಸಿವಾಗ್ತಿದೆ ಅಮ್ಮಾ."

ಅಜ್ಜಿ ಎಲೆ ಹಾಕಲು ಒಳಗೆ ಓಡಿಯೇಬಿಟ್ಟಳು. ಅತ್ತೆ ಅಲುಗಲಿಲ್ಲ. "ಸ್ವಲ್ಪ ಇರಿ. ನಾನಿನ್ನೂ ಸರಿ ಅಂದಿಲ್ಲ," ಎಂದಳು.

ವರ್ಷಗಟ್ಟಲೆ ಅವಳನ್ನು ನೋಡಲು ಬಂದವರು ಒಪ್ಪುವರೋ ಇಲ್ಲವೋ ಎಂದೇ ನಾವು ಉಸಿರು ಬಿಗಿಹಿಡಿದಿದ್ದೆವು. ಒಪ್ಪುವ ಹಕ್ಕು ಅವಳಿಗೂ ಇದೆಯೆಂದು ನಮಗಾರಿಗೂ ತೋಚಿರಲಿಲ್ಲ.

"ನಾಳೆ ಬೀದೀಲಿ ಯಾರಾದ್ರೂ ನಕ್ರೆ, ನಂಗೆ ಬಗ್ಗಿ ನಡಿ ಅಂತೀರಾ?"

ಹುಡುಗ ಕತ್ತೆತ್ತಿ ಅವಳನ್ನು ನೋಡಿದ. "ಲೇತ್ ಮುಂದೆ ಬಗ್ಗಿ ಬಗ್ಗಿ ನನ್ ಬೆನ್ನೇ ಹೋಗಿದೆ. ಇನ್ನೊಬ್ರಿಗೆ ಬಗ್ಗು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅತ್ತೆ ನಕ್ಕಳು. ಚೊಂಬು ತಂದು ಅವನ ಕೈಗೆ ತಾನೇ ನೀರು ಹಾಕಿದಳು. ಅವನ ತಾಯಿ ನಿಟ್ಟುಸಿರು ಬಿಟ್ಟು, "ನಡೀರಿ, ನಾವೂ ಕೈ ನೆನೆಸೋಣ" ಎಂದು ಒಳಗೆ ನಡೆದರು.

ಮದುವೆಯ ದಿನ ಫೋಟೋ ತೆಗೆಯುವವನು ಮದುಮಗನ ಕಾಲ ಕೆಳಗೆ ಒಂದು ಮಣೆ ತಂದಿಟ್ಟ. ಅತ್ತೆ ಅದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ, "ನಾ ಬಗ್ಗಲ್ಲ, ಅವ್ರು ಹತ್ತಲ್ಲ. ಹೀಗೇ ತೆಗಿ" ಎಂದಳಂತೆ. ಇದು ಅಮ್ಮನ ಬಾಯಿಂದ ಕೇಳಿದ್ದು. ಫೋಟೋ ಮಾತ್ರ ಅವರ ಮನೆಯ ಗೋಡೆಯಲ್ಲಿ ಇಂದಿಗೂ ಇದೆ. ಇಬ್ಬರೂ ತಮ್ಮ ತಮ್ಮ ಎತ್ತರದಲ್ಲಿ ನಿಂತಿದ್ದಾರೆ, ಮಾವನ ಮುಖದಲ್ಲೇ ಹೆಚ್ಚು ನಗು.

ಬಹಳ ಕಾಲ ನಾನು ಇದನ್ನು ಅತ್ತೆ ಗಂಡಿನ ಮನೆಯವರನ್ನು ಗೆದ್ದ ಕಥೆಯೆಂದೇ ಗೆಳತಿಯರಿಗೆ ಹೇಳುತ್ತಿದ್ದೆ. ಇತ್ತೀಚೆಗೆ ಡೈರಿಯಲ್ಲಿ ಬರೆಯಲು ಕೂತಾಗ ಪೆನ್ನು ತಡೆಯಿತು. ಬಂದವರಿಗೆ ಅವಳ ಎತ್ತರ ಗೊತ್ತೇ ಇರಲಿಲ್ಲ. ಅದನ್ನು ಬಚ್ಚಿಟ್ಟವರು ಅವಳನ್ನು ಹೆತ್ತವರು, ಅವಳೊಡನೆ ಬೆಳೆದವರು, ಅವಳ ಬೆನ್ನೇರಿ ಆಡಿದವರು.

ಹೋದ ವಾರ ಆರ್.ಎಸ್. ಪುರಂನ ಬಟ್ಟೆ ಅಂಗಡಿಯಲ್ಲಿ ಅತ್ತೆಗೆ ರವಿಕೆ ಬಟ್ಟೆ ಆರಿಸುತ್ತಿದ್ದೆವು. ಅಂಗಡಿಯವನು ಹೊಸ ಬಟ್ಟೆ ತರಲು ಒಳಗೆ ಹೋದಾಗ ಕೇಳಿಯೇಬಿಟ್ಟೆ. ಅತ್ತೆ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತ ನನ್ನನ್ನೇ ನೋಡಿದಳು. ಅಷ್ಟರಲ್ಲಿ ಅಂಗಡಿಯವನು ಬಂದ. ಬಸ್ಸಿನಲ್ಲಿ ಹೇಳುತ್ತಾಳೆಂದು ಕಾದೆ, ಹೇಳಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದಳು, ಬೇರೆಯದನ್ನೆಲ್ಲ ಮಾತಾಡಿದಳು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನೀ ಎದ್ದು ನಿಂತಿದ್ದು ಅವ್ರಿಗೆ ತೋರ್ಸೋಕಾ, ನಮಗೆ ತೋರ್ಸೋಕಾ?"